ಮಾಸ್ತರ ಡಿಗ್ರಿ

ಹಲೋ… ಹಾಂ, ಹಲೋ. ಯಾರ್ರೀ ಮಾತಾಡೂದು?…

ಹೌದ್ರಿ, ನಾನ ನವೀನ. ಜಮಖಂಡಿ ಕಾಲೇಜಿನ ನವೀನ ಸರ್ ಅಂದ್ರ ನಾನ. ನೀವ್ಯಾರು?…

ಯಾವ ಶಿವವ್ವ? ಶಿವವ್ವ ಅನ್ನಾವರು ನನಗ ನಾಕು ಮಂದಿ ಗೊತ್ತದಾರ, ನಮ್ಮ ದೊಡ್ಡವ್ವನ್ನ ಹಿಡದು…

ಓ! ವಂದನಾನ ಅವ್ವಾರಾ! ರಬಕವಿಯಿಂದ. ಹಂಗಂತ ಮೊದಲ ಹೇಳಬಾರದಾ ಅಕ್ಕಾರ. ಆರಾಮ ಅದೀರಿ? ನಿಮ್ಮ ಮನಿಯವರು ರಾಚಪ್ಪಣ್ಣ ಏನ್ ಮಾಡಾಕತ್ತಾರ?… ಹಾಂ, ನೂಲು ತರಾಕ ಬನಹಟ್ಟಿಗೆ ಹೋಗ್ಯಾರ… ಇಲ್ರಿ, ಕ್ಲಾಸು ಎಲ್ಲೀದು. ಇನ್ನೂ ಅಡ್ಮಿಷನ್ನ ಮುಗದಿಲ್ಲ. ಸ್ಟಾಫ್ ರೂಮಿನ್ಯಾಗ ಒಬ್ಬನ ಕುಂತೇನಿ, ಹೇಳ್ರಿ…

ಅಲ್ಲ, ನಿಮ್ಮ ಮನ್ಯಾಗ ಇಷ್ಟ ಸುಮ್ನ ಯಾಕೈತಿ? ಮಗ್ಗದ ಸಪ್ಪಳಾನ ಇಲ್ಲ. ಕರೆಂಟ್ ಹೋಗೇತೇನು?… ನೀವ ಬಂದ್ ಮಾಡೀರಿ? ನಾಕೂ ಮಗ್ಗ? ನನ್ನ ಜೋಡಿ ಮಾತಾಡಾಕ? ಅಯ್ಯ, ಅಂಥಾದ್ದೇನ್ ಮಾತೈತ್ರಿ ಅದು? ಕರೆಂಟ್ ಇರೂವಾಗ ನಡೂ ಮಧ್ಯಾಹ್ನ ಮಗ್ಗ ನಿಲ್ಲಸೂ ಮಂದಿ ಅಲ್ಲ ನಾವು. ನಾನೂ ಬನಹಟ್ಟಿಯಾವ ಅಕ್ಕಾರ, ನನಗ ಗೊತ್ತಿಲ್ಲೇನು…

ಹೂಂ, ವಂದನಾನ ವಿಷಯ. ಹೇಳ್ರಿ, ಹೇಳ್ರಿ…

ಹೌದು, ಅರ್ಜಿ ತುಂಬ್ಯಾಳ. ಎಂ.ಎ. ಇತಿಹಾಸಕ್ಕ. ನನ್ನ ಮುಂದನ ಕುಂತು ತುಂಬ್ಯಾಳ. ಡಿಗ್ರಿ ಮಾರ್ಕ್ಸ್ ಕಾರ್ಡು, ಟಿ.ಸಿ., ಎಲ್ಲಾ ಒರಿಜಿನಲ್ ತಂದು ಕೊಡೂದೊಂದು ಬಾಕಿ ಐತಿ. ಇವತ್ತ ಕಡೇ ದಿನ. ಐದಕ್ಕ ಆಫೀಸ್ ಬಂದ್ ಮಾಡತಾರ. ಈಗ ಬಸ್ ಹತ್ತಿಸಿದ್ರ ಮುಕ್ಕಾಲ ತಾಸಿನ್ಯಾಗ ಇಲ್ಲಿ ಇರತಾಳ…

ಏನು? ಕಳಸೂದೋ ಬ್ಯಾಡೋ ಅಂತ ಕೇಳಾಕ ಫೋನ್ ಮಾಡೀರಾ?…

ತಡೀರಿ ತಡೀರಿ, ಸಾವಕಾಶ ಹೇಳ್ರಿ. ಮಹಾಲಿಂಗಪುರದಾಗ ಯಾರದಂದ್ರಿ?… ನಿಮ್ಮ ಅಣ್ಣಾರದು. ಮಲಕಾಜಪ್ಪನವರು. ಹಾಂ, ಗೊತ್ತೈತಿ ಗೊತ್ತೈತಿ, ಬಸ್ ಸ್ಟ್ಯಾಂಡ್ ಹತ್ರ ದೊಡ್ಡ ಸೀರಿ ಅಂಗಡಿ. ನಮ್ಮ ತಂಗಿ ಮದವಿ ಸೀರಿ ಅಲ್ಲೇ ತಂದಿದ್ವಿ. ಅಂಗಡ್ಯಾಗ ವಂದನಾಗ ಕೆಲಸ ಕೊಡತೇನಿ ಅಂದಾರ? ಯಾವ ಕೆಲಸ?… ಮೊಬೈಲಿನ್ಯಾಗ ಸೀರಿ ಫೋಟೋ ಹಾಕಿ ಮಾರೂದು. ಪುಣೆ, ಸೊಲ್ಲಾಪುರ, ಆ ಕಡೆಲ್ಲಾ ಕಳಸೂದು. ಛಲೋ ಕೆಲಸ ಬಿಡ್ರಿ, ಈಗಿನ ಕಾಲದ ಕೆಲಸ. ಯಾವಾಗಿಂದ?… ನಾಳೆಯಿಂದ? ಅಬ್ಬಬ್ಬಬ್ಬ, ಏನ್ ಗಡಿಬಿಡಿ ಐತ್ರಿ ನಿಮ್ಮ ಅಣ್ಣಾರಿಗೆ…

ಹಂಗಾರ ಎರಡರಾಗ ಒಂದು. ಇಲ್ಲಿ ಎಂ.ಎ., ಇಲ್ಲಾಂದ್ರ ಅಲ್ಲಿ ಅಂಗಡಿ. ತಿಳೀತು. ಮತ್ತ ವಂದನಾ ಏನಂತಾಳ?… ‘ಸರ್‌ನ ಕೇಳು’ ಅಂದ್ಳಾ? ನನ್ನ? ಅಲ್ರಿ, ನಾ ಏನ್ ಹೇಳ್ಲಿ. ನೀವು ತಾಯಿ ಮಗಳು ಕುಂತು ಮಾತಾಡ್ರಿ, ರಾಚಪ್ಪಣ್ಣ ಬರ್ಲಿ, ಅವರನ್ನೊಂದು ಮಾತು ಕೇಳ್ರಿ. ನಾ ಹೊರಗಿನವ…

ಯಾಕ, ಜೋರಾಗಿ ಯಾಕ ಹೇಳ್ಲಿ? ಕೇಳಸವಲ್ತಾ? ಹಲೋ? ಈಗ ಕೇಳಸತೈತಾ?… ಆತು, ಜೋರಾಗೇ ಹೇಳತೇನಿ. ಏನ್ ಹೇಳಬೇಕು, ಅದನ್ನರ ಹೇಳ್ರಿ…

ಏನಂದ್ರಿ?… ಇನ್ನೊಮ್ಮೆ ಅನ್ರಿ… ‘ಎರಡು ವರ್ಷ ಮಾಸ್ತರ ಡಿಗ್ರಿ ಮಾಡಿದ್ರ ನನ್ನ ಮಗಳು ಮಾಸ್ತರ ಅಕ್ಕಾಳಲ್ಲರೀ ಸರ’…

ಅಕ್ಕಾರ… ಅದು ಮಾಸ್ತರ ಅಲ್ಲ. ಮಾಸ್ಟರ್. ಟ, ಟ. ಮಾಸ್ಟರ್ ಡಿಗ್ರಿ…

ಇಲ್ರಿ, ಎರಡೂ ಒಂದ ಅಲ್ಲ. ಮಾಸ್ತರ ಅಂದ್ರ ಸಾಲಿ ಮಾಸ್ತರ, ಹಾಜರಿ ಕರದು ಪಾಠ ಹೇಳಾಂವ. ಇದು ಬರೇ ಓದಿನ ಹೆಸರು. ಒಂದು ಡಿಗ್ರಿ ಮುಗಿಸಿದ ಮ್ಯಾಲ ಮಾಡೂ ಇನ್ನೊಂದು ಡಿಗ್ರಿ. ಇದನ್ನ ಮಾಡಿದ್ರ ಸರಕಾರದವರು ಕರದು ಸಾಲಿ ಕೊಡೂದಿಲ್ಲ. ಸಾಲಿ ಮಾಸ್ತರ ಆಗಾಕ ಬಿ.ಎಡ್. ಅಂತ ಬ್ಯಾರೇನ ಐತಿ, ಅದಾದ ಮ್ಯಾಲ ಪರೀಕ್ಷೆ ಬ್ಯಾರೆ. ಯಾರ್ ಹೇಳಿದ್ರು ನಿಮಗ ಹಿಂಗಂತ?…

ನಾನಾ?…

ಯಾವಾಗ?… ಹಾಂ. ಹೌದು, ಬಂದಿದ್ದೆ. ಹೋದ ತಿಂಗಳು ಪಾಂಪ್ಲೆಟ್ ಹಿಡಕೊಂಡು ನಿಮ್ಮ ಓಣ್ಯಾಗೆಲ್ಲಾ ತಿರಗೇನಿ. ಅಡ್ಮಿಷನ್ ಆಗವಲ್ವು, ಮನಿಮನಿಗೆ ಹೋಗಿ ಹುಡುಗರನ್ನ ಹುಡಕ್ರಿ ಅಂತ ಕಾಲೇಜಿನವರು ಕಳಿಸಿದ್ರು. ನೀವು ಮಗ್ಗದ ಕಂಡಕಿಗೆ ನೂಲು ಸುತ್ತಕೋತ ಕುಂತಿದ್ರಿ. ಎದ್ದು ಚಾ ಮಾಡಿ ಕೊಟ್ರಿ. ಆಮ್ಯಾಗ… ‘ಮಾಸ್ತರ ಅಕ್ಕಾಳೇನ್ರಿ ಸರ’ ಅಂತ ನೀವು ಕೇಳಿದ್ರಿ, ನಾನು ‘ಹೂಂ, ಅಕ್ಕಾಳ’ ಅಂದ್ನಿ?…

ಅಂದಿರಬೇಕು ಬಿಡ್ರಿ. ಮಗ್ಗದ ಸಪ್ಪಳದಾಗ ನನಗ ಮಾಸ್ಟರ್ ಅಂತ ಕೇಳಿಸಿತ್ತು…

ಇಲ್ಲ, ಸುಳ್ಳ ಯಾಕ. ಸರಿಯಾಗೇ ಕೇಳಿಸಿತ್ತು. ನೀವು ಏನ್ ತಿಳಕೊಂಡೀರಿ ಅನ್ನೂದೂ ಗೊತ್ತಾಗಿತ್ತು. ತಿದ್ದಬೇಕಂತ ಬಾಯಿ ತೆರದೆ. ಅಷ್ಟರಾಗ ನೀವು ವಂದನಾನ್ನ ಕರದು ‘ಸರ್‌ಗೆ ನಮಸ್ಕಾರ ಮಾಡು’ ಅಂದ್ರಿ, ಆಕಿ ಬಗ್ಗಿ ಕಾಲ ಮುಟ್ಟಿದ್ಳು. ಆಮ್ಯಾಗ ನನಗ ಹೇಳಾಕ ಬಾಯಿನ ಬರಲಿಲ್ಲ ಅಕ್ಕಾರ. ಪಾಂಪ್ಲೆಟ್ ಇಟ್ಟು ಎದ್ದು ಬಂದೆ. ನನ್ನ ತಪ್ಪ ಅದು…

ಒಂದ್ ನಿಮಿಷ, ಇಡಬ್ಯಾಡ್ರಿ, ಪ್ರಿನ್ಸಿಪಾಲರು ಬಂದ್ರು. ಹೇಳ್ರಿ ರಘೂತ್ತಮ ಸರ್… ಹದಿನಾಲ್ಕು, ಸರ್… ಹೌದು ಸರ್, ಐದರ ಒಳಗ… ಹದಿನೈದನೇದ್ದು ಫೋನಿನ್ಯಾಗ ಐತಿ ಸರ್. ಹುಡುಗಿ ತಾಯಿ ಮಾತಾಡಾಕತ್ತಾರ… ಗೊತ್ತೈತಿ ಸರ್. ನನ್ನಕಿಂತ ಛಲೋ ಯಾರಿಗೆ ಗೊತ್ತಿರತೈತಿ… ಹೂಂ ಸರ್, ಮಾಡಸತೇನಿ…

ಹಲೋ. ಹೋದ್ರು. ಹೇಳ್ರಿ… ಏನೂ ಇಲ್ಲ, ಆಫೀಸಿನ ಮಾತು… ಏನ್ ಹದಿನಾಲ್ಕು? ಕೇಳಿಸಿತಾ ನಿಮಗ? ನಾ ಕೈ ಅಡ್ಡ ಹಿಡದಿದ್ದೆ…

ಹೋಗ್ಲಿ, ಹೇಳಿಬಿಡತೇನಿ. ಎಂ.ಎ. ಕ್ಲಾಸ್ ನಡೀಬೇಕಂದ್ರ ನಮ್ಮಲ್ಲಿ ಹದಿನೈದು ಮಂದಿ ಇರಬೇಕು. ಈಗ ಹದಿನಾಲ್ಕು ಆಗ್ಯಾರ. ವಂದನಾ ಬಂದ್ರ ಹದಿನೈದು. ಬರಲಿಲ್ಲಂದ್ರ ಈ ವರ್ಷ ಕ್ಲಾಸ ಬಂದ್. ಆ ಹುಡುಗರು ಬಾಗಲಕೋಟಿಗೋ ವಿಜಯಪುರಕ್ಕೋ ಹೋಗತಾರ. ಕ್ಲಾಸ್ ಇಲ್ಲಂದ ಮ್ಯಾಲ ಪಾಠ ಹೇಳಾಂವ ಯಾರಿಗೆ ಬೇಕು… ಹೂಂ, ನಾನ. ನನ್ನ ಕೆಲಸ ಹೋಗತೈತಿ. ನಮ್ಮಣ್ಣನ ಮಗ್ಗಕ್ಕ ಹೋಗಿ ನಿಂದರಬೇಕು. ಇಪ್ಪತ್ತು ವರ್ಷ ಆತು ನೂಲ ಮುಟ್ಟಿ, ಕಡದ ಎಳಿ ಗಂಟ ಹಾಕಾಕೂ ಈಗ ಬರತೈತೋ ಇಲ್ಲೋ…

ಇಲ್ಲ ಅಕ್ಕಾರ, ಪರ್ಮನೆಂಟ್ ಅಲ್ಲ ನಾನು. ಅತಿಥಿ ಉಪನ್ಯಾಸಕ ಅಂತಾರ… ಅತಿಥಿ ಅಂದ್ರ… ಬೀಗರು ಬಂದಂಗ ಅನ್ಕೋರಿ. ವರ್ಷಾ ವರ್ಷಾ ಅರ್ಜಿ ಹಾಕೂದು, ಕರೀತಾರೋ ಇಲ್ಲೋ ಅಂತ ದಾರಿ ಕಾಯೂದು. ಹನ್ನೆರಡು ವರ್ಷ ಆತು…

ಹಹ್ಹಾ! ಖರೆ ಅಂದ್ರಿ ನೋಡ್ರಿ. ಹನ್ನೆರಡು ವರ್ಷ ಬೀಗರಾಗಿ ಯಾರ ಮನ್ಯಾಗ ಇಟ್ಟಗೊಂತಾರ. ಮೂರನೇ ದಿನಕ್ಕ ‘ಯಾವ ಬಸ್ಸಿಗೆ ಹೋಗತೀರಿ’ ಅಂತ ಕೇಳತಾರ. ನನಗ ಹನ್ನೆರಡು ವರ್ಷದಿಂದ ಅದನ್ನ ಕೇಳಾಕತ್ತಾರ, ನಾ ಹೋಗವಲ್ಲೆ, ಅವರು ಇರು ಅನ್ನವಲ್ರು…

ಹೌದು, ಮಾಡೇನಿ. ಎಂ.ಎ. ಒಂದಲ್ಲ ಅಕ್ಕಾರ, ಎರಡು. ಮೊದಲ ಇತಿಹಾಸ ಮಾಡಿದೆ. ನೌಕರಿ ಸಿಗಲಿಲ್ಲ. ಒಂದಕ್ಕ ಸಿಗದಿದ್ರ ಎರಡಕ್ಕ ಸಿಗಬಹುದು ಅಂತ ಕನ್ನಡದಾಗ ಇನ್ನೊಂದು ಮಾಡಿದೆ. ಎರಡೂ ಸರ್ಟಿಫಿಕೇಟ್ ನಮ್ಮವ್ವ ಕಪಾಟಿನ್ಯಾಗ ಬಂಗಾರದ ಜೋಡಿ ಇಟ್ಟಾಳ. ಬಂದವರಿಗೆಲ್ಲಾ ತೋರಸತಿದ್ಳು. ಈಗೀಗ ತೋರಸೂದು ಬಿಟ್ಟಾಳ…

ನನ್ನ ಕಡೆ ಕಲತವರಾ? ಅವರಿಗೇನಾತು ಅಂತಾ? ಕೇಳಬ್ಯಾಡ್ರಿ… ಆತು, ಹೇಳತೇನಿ. ಹೋದ ವರ್ಷ ಹದಿನಾರು ಮಂದಿ ಪಾಸಾದ್ರು. ಒಬ್ಬಾಂವ ಮುಧೋಳದಾಗ ಜೆರಾಕ್ಸ್ ಅಂಗಡಿ ಹಾಕ್ಯಾನ. ಒಬ್ಬಾಂವ ಸಕ್ಕರಿ ಕಾರಖಾನ್ಯಾಗ ಕಬ್ಬಿನ ಗಾಡಿ ತೂಕ ಬರಕೋತಾನ. ಮೂರ ಮಂದಿ ಬಿ.ಎಡ್. ಮಾಡಾಕತ್ತಾರ. ನಾಕ ಹುಡುಗೇರ ಮದವಿ ಆದ್ವು. ಉಳದವರು ನಾ ಫೋನ್ ಮಾಡಿದ್ರ ಎತ್ತೂದಿಲ್ಲ…

ಅಲ್ಲ, ಎಲ್ಲಾರಿಗೂ ಹಿಂಗ ಆಗತೈತಿ ಅಂತ ನಾ ಹೇಳೂದಿಲ್ಲ. ನನ್ನ ಜೋಡಿ ಓದಿದಾಕಿ ಒಬ್ಬಾಕಿ, ಧನಶ್ರೀ ಅಂತ, ಈಗ ತಹಶೀಲ್ದಾರ ಆಗ್ಯಾಳ… ಇಲ್ರಿ, ಎಂ.ಎ.ದಿಂದ ಅಲ್ಲ. ಆ ಪರೀಕ್ಷೆಗೆ ಬರೇ ಮೊದಲಿನ ಡಿಗ್ರಿ ಸಾಕಿತ್ತು. ಆದ್ರ ಎಂ.ಎ. ಮಾಡೂ ಎರಡು ವರ್ಷ ಆಕಿ ಲೈಬ್ರರಿ ಬಿಟ್ಟು ಏಳಲಿಲ್ಲ. ಅದರಿಂದ ಆತೋ, ಅದಿಲ್ಲದಿದ್ರೂ ಆಗತಿತ್ತೋ, ಯಾರ್ ಹೇಳಬೇಕು? ನಾನೂ ಅದ ಲೈಬ್ರರ್ಯಾಗ ಬಾಜೂಕ ಕುಂತಿದ್ದೆ. ಇದನ್ನ ಭಾಳ ಸಲ ವಿಚಾರ ಮಾಡೇನಿ ಅಕ್ಕಾರ, ನನಗ ಗೊತ್ತಾಗಿಲ್ಲ…

ಯಾರು ಕೆಮ್ಮಿದ್ರು? ರಾಚಪ್ಪಣ್ಣ ಬಂದ್ರೇನು?… ಹೋಗ್ಲಿ ಬಿಡ್ರಿ…

ಯಾಕ ಹಿಂಗ ಗಂಟ ಬಿದ್ದೀರಿ? ‘ಅಕ್ಕಾಳ ಅಂತ ಒಂದ ಮಾತು ಹೇಳ್ರಿ ಸರ, ಸಾಕು’… ಅನ್ನಾಕ ನನಗೇನ್ರಿ? ಅಂದ್ರ ನನಗ ಲಾಭಾನ ಐತಿ. ಕ್ಲಾಸ್ ನಡೀತೈತಿ, ನನ್ನ ಮನಿ ನಡೀತೈತಿ, ರಘೂತ್ತಮ ಸರ್ ನಗತಾರ. ಅದಕ್ಕ ನಾ ಅನ್ನಬಾರದು. ಒಮ್ಮೆ ನಿಮ್ಮ ಚಾ ಕುಡದು ಸುಳ್ಳ ಹೇಳಿ ಬಂದೇನಿ. ಒಂದ್ ತಿಂಗಳಾತು, ಅರ್ಜಿ ನೋಡಿದಾಗೆಲ್ಲಾ ನೆನಪಾಗತೈತಿ. ಇನ್ನೊಮ್ಮೆ ನನ್ನಿಂದ ಆಗೂದಿಲ್ಲ…

ಕೇಳ್ರಿ. ಜೋರಾಗಿ ಹೇಳು ಅಂದ್ರಿ, ಜೋರಾಗೇ ಹೇಳತೇನಿ. ಎಂ.ಎ. ಮಾಡಿದ್ರ ವಂದನಾ ಮಾಸ್ತರ ಆಗೂದಿಲ್ಲ. ನೌಕರಿ ಗ್ಯಾರಂಟಿ ಇಲ್ಲ. ನಿಮ್ಮ ಅಣ್ಣಾರ ಅಂಗಡಿ ಕೆಲಸ ಕೈಯಾಗ ಬಂದೈತಿ. ಕಳಿಸಿಬಿಡ್ರಿ. ನನ್ನ ಸ್ವಂತ ತಂಗಿ ಇದ್ರೂ ಇದನ್ನ ಹೇಳತಿದ್ದೆ. ನನ್ನ ಕೆಲಸದ ವಿಚಾರ ಬಿಡ್ರಿ, ಅದು ನಂದು…

ಹಲೋ?…

ಶಿವವ್ವಕ್ಕಾ? ಅಳಾಕತ್ತೀರೇನು?… ಯಾಕ? ನಾ ಏನ್ ಕೆಟ್ಟದ್ದು ಹೇಳಿದೆ? ಹಲೋ…

ಯಾರು?… ವಂದನಾ? ಹಾಂ, ಹೇಳವ್ವಾ. ಅವ್ವಗೇನಾತು?… ಎಲ್ಲಿ ಹೊಂಟಿ, ಮಾತು ಸರಿಯಾಗಿ ಕೇಳಸವಲ್ದು… ಹಿತ್ತಲಕ್ಕ ಬಂದೆಯಾ. ಹಾಂ, ಈಗ ಹೇಳು…

ಸ್ಪೀಕರ್ ಹಚ್ಚಿತ್ತಾ? ಮೊದಲಿಂದ?… ನಿಮ್ಮ ಮಾವ ಮಲಕಾಜಪ್ಪನವರು ಅಲ್ಲೇ ಕುಂತಿದ್ರಾ? ಇಷ್ಟೊತ್ತನಾ? ನಾ ಹೇಳಿದ್ದೆಲ್ಲಾ ಕೇಳಿದ್ರಾ?…

ಅಲ್ಲ, ಕೇಳಿದ್ರ ಕೇಳ್ಲಿ ಬಿಡು. ಅವರ ಕೆಲಸಾನ ಛಲೋ ಐತಿ ಅಂದೇನಿ, ಅವರು ಸಿಟ್ಟಾಗಾಕ ಏನೈತಿ… ಕೆಲಸ ಅಲ್ಲಾ? ಮತ್ತೇನದು?…

ಸೊಸಿ… ತಮ್ಮ ಮಗಗ… ಮೊದಲ ಅಂಗಡ್ಯಾಗ ಕೂಡಸಿ ಹೊಂದತಾಳೋ ಇಲ್ಲೋ ನೋಡೂದು, ದೀಪಾವಳಿ ಆದ ಮ್ಯಾಲ ಅಕ್ಕಿಕಾಳು ಹಾಕಿ ಮದವಿ. ಕೆಲಸ ಅನ್ನೂದು ಬರೇ ಹೆಸರಿ‌ಗೆ. ಮತ್ತ ನಿನಗ ಆ ಹುಡುಗ?… ಬ್ಯಾಡ. ಆತು, ಆತು, ತಿಳೀತವ್ವಾ. ಬ್ಯಾಡ…

ಅವ್ವಗ?… ಅವ್ವಗೂ ಬ್ಯಾಡ. ಬ್ಯಾಡಾಗಿದ್ರ ಇಲ್ಲ ಅಂತ ಅಂದುಬಿಡಬೇಕಿತ್ತಲ್ಲ… ಹೌದು. ಹೌದು, ಖರೆ. ತವರಮನಿಯವರು ಹೆಣ್ಣ ಕೇಳಿದ್ರ ತಂಗಿ ಆದಾಕಿಗೆ ಸುಮ್ನ ಇಲ್ಲ ಅನ್ನಾಕ ಬರೂದಿಲ್ಲ. ನಾಳೆ ಹಬ್ಬಕ್ಕ ಆ ಮನಿ ಹೊಸ್ತಿಲ ಹೆಂಗ ತುಳೀಬೇಕು. ಅಣ್ಣನ ಮುಂದ ಇಡಾಕ ಒಂದ್ ಕಾರಣ ಬೇಕ…

ಅದಾ ಕಾರಣ?… ‘ನನ್ನ ಮಗಳು ಮಾಸ್ತರ ಡಿಗ್ರಿ ಮಾಡಾಕತ್ತಾಳ, ಮಾಸ್ತರ ಆಗಾಕಿ, ಎರಡು ವರ್ಷ ತಡಿ ಅಣ್ಣಾ.’ ಇದೊಂದ ಮಾತು ಹಿಡಕೊಂಡು ಒಂದ್ ತಿಂಗಳ ತಡದಿದ್ಳು. ಇವತ್ತ ಅವರು ಬಂದು ಕುಂತು, ‘ಹಂಗಂತ ಹೇಳಿದ ಸರ್‌ನ ಬಾಯಿಲೇನ ಕೇಳಸು’ ಅಂದ್ರು. ಅದಕ್ಕ ಫೋನ್ ಹಚ್ಚಿದ್ಳು. ಅದಕ್ಕ ಜೋರಾಗಿ ಹೇಳ್ರಿ, ಜೋರಾಗಿ ಹೇಳ್ರಿ ಅನ್ನಾಕತ್ತಿದ್ಳು…

ನಿನಗ ಗೊತ್ತಿತ್ತಾ, ಎಂ.ಎ. ಅಂದ್ರ ಮಾಸ್ತರ ಅಲ್ಲ ಅಂತ?… ಹೌದಲ್ಲ, ಡಿಗ್ರಿ ಓದಿದಾಕಿ, ಗೊತ್ತಿರದ ಏನು. ಮತ್ತ ಅವ್ವಗ ಯಾಕ ಹೇಳಲಿಲ್ಲ?… ಹೂಂ. ಆಕಿ ಅಷ್ಟ ಖುಷಿಲೆ ನಂಬಿದ್ಳು. ನಿನಗ ಬಾಯಿ ಬರಲಿಲ್ಲ. ನಂದೂ ಅದ ಹಣೇಬಾರ…

ಏನಂದಿ?… ನಿನಗ ನೌಕರಿ ಬ್ಯಾಡಾಗಿತ್ತು. ಬರೇ ಎರಡು ವರ್ಷ ಬೇಕಾಗಿದ್ವು…

ಅಯ್ಯ ವಂದನಾ, ನನಗ ಒಂದ್ ಮಾತು ಮೊದಲ ಹೇಳಬಾರದಾ? ಮುಂಜಾನೆ ಫೋನ್ ಮಾಡಿ, ಸರ್ ಹಿಂಗಿಂಗ ಐತಿ ಅಂದಿದ್ರ… ‘ನಿಮಗ ಹುಡುಗರು ಬೇಕಲ್ಲ ಸರ್, ಹೂಂ ಅಂದೇ ಅಂತೀರಿ ಅನ್ಕೊಂಡಿದ್ದೆ’… ಹೌದು. ಯಾರಿದ್ರೂ ಹಂಗ ಅನ್ಕೋತಿದ್ರು. ಅಳಬ್ಯಾಡ. ಅಳಬ್ಯಾಡವ್ವಾ, ನೀ ಅತ್ರ ನನಗ ಏನೂ ತಿಳೀದಂಗ ಆಗತೈತಿ. ನನ್ನ ಲಾಭ ಬಿಟ್ಟು ಒಮ್ಮೆ, ಒಂದ ಒಮ್ಮೆ ಖರೆ ಮಾತಾಡಿದೆ. ಅದು ಇವತ್ತ ಆಗಬೇಕಾ. ನಿನ್ನ ಮ್ಯಾಲೇನ ಆಗಬೇಕಾ…

ಫೋನ್ ಮಾವಗ ಕೊಡು. ನಾ ಮಾತಾಡತೇನಿ… ಏನರ ಹೇಳತೇನಿ, ನೀ ಕೊಡು. ಮೂರೂವರಿ ಈಗ. ಐದರ ಒಳಗ ನೀ ಇಲ್ಲಿ ಬರಬಹುದು. ಕೊಡವ್ವಾ…

ನಮಸ್ಕಾರ್ರೀ ಮಲಕಾಜಪ್ಪನವರ. ನಾನು ನವೀನ… ಹೌದ್ರಿ, ನೀವು ಎಲ್ಲಾ ಕೇಳೀರಂತ. ಅದ ಹೇಳಾಕ… ನಾ ಈಗ ಹೇಳಿದ್ದರಾಗ ಒಂದ್ ತಪ್ಪಾಗೇತ್ರಿ. ಮಾಸ್ತರ ಆಗೂದಿಲ್ಲ ಅಂದೆ, ಅದು ಹಂಗಲ್ಲ. ಎಂ.ಎ. ಮಾಡಿದವರು ಸಾಲಿಗಲ್ಲ, ಕಾಲೇಜಿಗೇ ಮಾಸ್ತರ ಆಗತಾರ್ರಿ. ಅದಕ್ಕೊಂದು ಪರೀಕ್ಷೆ ಐತಿ, ವಂದನಾ ಶಾಣ್ಯಾಕಿ ಅದಾಳ, ಪಾಸ್ ಮಾಡತಾಳ. ಅಕ್ಕಾಳ್ರಿ. ಖರೇನ ಅಕ್ಕಾಳ. ಎರಡ ವರ್ಷ ಬಿಡ್ರಿ ಆಕಿನ್ನ…

ಇಲ್ರಿ. ಅದಕ್ಕಲ್ಲ… ಹದಿನೈದು ಮಾಡಾಕ ಅಲ್ರಿ. ನನ್ನ ಕೆಲಸ ಹೋದ್ರ ಹೋಗ್ಲಿ, ಅದಕ್ಕ ನಾ ಮಾತ ತಿರಗಸಾಕತ್ತಿಲ್ಲ… ಹೌದ್ರಿ, ಹದಿನಾಲ್ಕು ಅಂತ ನಾನ ಹೇಳೇನಿ. ಕ್ಲಾಸ್ ಬಂದ್ ಆಗತೈತಿ ಅಂತಾನೂ ನಾನ ಹೇಳೇನಿ. ಇಲ್ಲ ಅನ್ನೂದಿಲ್ಲ. ಅದು ಬ್ಯಾರೆ, ಇದು ಬ್ಯಾರೆ…

ನಗಬ್ಯಾಡ್ರಿ… ‘ಹೊಟ್ಟೀಪಾಡು ಸರ, ನನಗ ತಿಳೀತೈತಿ, ಸಿಟ್ಟಿಲ್ಲ’ ಅಂದ್ರ ನಾ ಏನ್ ಹೇಳ್ಲಿ ಇನ್ನ… ಇಲ್ರಿ, ಛಲೋ ಮನಶ್ಯಾ ಅನ್ನಬ್ಯಾಡ್ರಿ ನನಗ. ಮೊದಲ ಹೇಳಿದ ಮಾತಿಗೆ ನಿಂದ್ರು ಅಂತೀರಿ, ಆ ಮಾತಿಗೆ ನಿಂತ್ರ…

ಶಿವವ್ವಕ್ಕಗ ಒಂದೀಟು ಕೊಡ್ರಿ. ಒಂದ ನಿಮಿಷ… ಯಾಕ ಬರವಲ್ರು?… ಬಟ್ಟಿ ಅರಿವಿ ಗಂಟ ಕಟ್ಟಾಕತ್ತಾರ? ಯಾರ ಅರಿವಿ?… ವಂದನಾನ್ನ ಇವತ್ತ ಕರಕೊಂಡು ಹೊಂಟೀರಾ? ನಾಳೆ ಅಂದಿದ್ರಲ್ಲರೀ…

ಮಲಕಾಜಪ್ಪನವರ, ಇಡಬ್ಯಾಡ್ರಿ. ಕೈ ಮುಗೀತೇನ್ರಿ, ಇಡಬ್ಯಾಡ್ರಿ. ನಾ ಮೊದಲ ಹೇಳಿದ್ದ ಸುಳ್ಳರೀ, ಈಗ ಹೇಳಾಕತ್ತಿದ್ದ ಖರೆ ಐತಿ, ಖರೇನ ಅಕ್ಕಾಳ ಆಕಿ, ಆಕಿ ಮಾಸ್ತ…

ಹಲೋ?…

ಹಲೋ?…